ಕ್ರ್ಯಾಶ್ ರಿಪೋರ್ಟಿನಲ್ಲಿ ಇಲ್ಲದ ಹೆಸರು

ಮೂರು ವಾರದಿಂದ ನನ್ನ ಹೆಸರು ಕ್ರ್ಯಾಶ್ ರಿಪೋರ್ಟಿನಲ್ಲಿ ಬಂದಿರಲಿಲ್ಲ. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ನನಗೆ ಅನುಮಾನ ಬಂತು. ನನ್ನ ಕೋಡು ಅಷ್ಟೊಂದು ಒಳ್ಳೇದಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ಟೀಮು ಕಟ್ಟುತ್ತಿದ್ದದ್ದು ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆಯ ವರ್ಚುವಲ್ ಮಷೀನು, ಅಂದರೆ ಆ ಭಾಷೆಯಲ್ಲಿ ಬರೆದದ್ದನ್ನು ಓಡಿಸುವ ಸಾಫ್ಟ್‌ವೇರು. ಸಣ್ಣಪುಟ್ಟ ತಪ್ಪಾದರೆ ಅದು ಸಂಭಾಳಿಸಿಕೊಂಡು ಮುಂದೆ ಹೋಗುತ್ತೆ. ಮೆಮೊರಿಯೇ ಕೆಟ್ಟರೆ ಮಾತ್ರ ಹೋಗಬಾರದು. ಅದನ್ನು ಕೆಡಿಸಿದ ಸಾಲು ಬರೆದವರ ಹೆಸರು ರಿಪೋರ್ಟಿಗೆ ಹಾಕಿ ಅಲ್ಲೇ ನಿಂತುಬಿಡಬೇಕು. ಬೆಳಿಗ್ಗೆ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಮೇಡಂ ಆ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಪ್ರೊಬೇಷನ್ನಿನಲ್ಲಿ ಇರುವವರದು ಐದು ಸಲ ಬಂದರೆ ಕೆಲಸ ಹೋಯಿತು. ನನ್ನದು ನಾಲ್ಕಾಗಿತ್ತು.

ಈಗ ದಿನಾ ಬರುತ್ತಿದ್ದದ್ದು ಮುನಿಯ ಹೆಸರು. ಎದುರು ಸೀಟಿನವನು, ಮಾತು ಕಮ್ಮಿ ಅಂತ ಎಲ್ಲರೂ ಹಾಗೆ ಕರೆಯುತ್ತಿದ್ದರು. ರಿಪೋರ್ಟ್ ತಯಾರಿಸುವ ಕೋಡು ಅವನದೇ. ನಾನು ತಲೆ ಎತ್ತಿದರೆ ಅವನು ತಲೆ ತಗ್ಗಿಸುತ್ತಿದ್ದ, ಕಿವಿ ಕೆಂಪಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಬೇಕಂತಲೇ ಮೆಮೊರಿ ಕೆಡಿಸುವ ಒಂದು ಸಾಲು ಬರೆದು ಓಡಿಸಿದೆ. ಮಷೀನು ನಿಂತಿತು. ರಿಪೋರ್ಟಿನಲ್ಲಿ ಅವನ ಹೆಸರು.

ಅವನು ಬಂದ ಕೂಡಲೇ ಸ್ಕ್ರೀನ್ ತಿರುಗಿಸಿದೆ. "ಇದೇನಪ್ಪಾ ಮುನಿ? ನನ್ನ ತಪ್ಪೆಲ್ಲ ಗುಡ್ಡೆ ಹಾಕಿಟ್ಟು ಒಂದೇ ಸಲ ಮೇಡಂ ಮುಂದೆ ಸುರೀಬೇಕು ಅಂತಾನಾ? ಇಲ್ಲ, ನನ್ನನ್ನ ನಿನ್ನ ಹಂಗಿನಲ್ಲಿ ಇಟ್ಕೋಬೇಕು ಅಂತಾನಾ?"

"ಎರಡೂ ಅಲ್ಲ."

"ಮತ್ತೆ?"

ಅವನು ಕನ್ನಡಕ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಐದನೇದು ಬಂದ್ರೆ ಈ ಎದುರು ಸೀಟು ಖಾಲಿ ಆಗತ್ತೆ. ಅದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ಖುಷಿಯಾಯಿತು. ಆ ಖುಷಿಯ ಮೇಲೂ ನನಗೆ ಅನುಮಾನ.

"ನಿನ್ನ ಪ್ರಮೋಷನ್ ನಿಂತು ಹೋಯ್ತಲ್ಲೋ, ಪೆದ್ದ. ತಪ್ಪು ನಂದು ಅಂತಾನೇ ಗೊತ್ತಾಗದಿದ್ರೆ ನಾನು ಕಲಿಯೋದು ಹೇಗೆ?"

"ನಾನೇ ಸರಿ ಮಾಡ್ತಿದ್ದೆ."

"ಇನ್ನೂ ಚೆನ್ನಾಯ್ತು. ಹೆಸರು ಬದಲಾಯಿಸೋ ಆ ಕೋಡು ತೆಗಿ."

ತೆಗೆದ. ನಿಜವಾಗಲೂ ತೆಗೆದನೋ ಇಲ್ಲವೋ ಅಂತ ಬಗ್ಗಿ ನೋಡಿದೆ. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

ಮೂರು ವಾರದ ರಿಪೋರ್ಟುಗಳನ್ನು ಸರಿಯಾದ ಹೆಸರಿನಲ್ಲಿ ಮತ್ತೆ ತೆಗೆಸಿ, ನಾನೇ ಮೇಡಂಗೆ ಕಳಿಸಿದೆ. ಮರುದಿನ ಮೀಟಿಂಗಿನಲ್ಲಿ ಅವನಿಗೆ ಬೈಗುಳ, ನನಗೆ ಬಾಗಿಲು.

ಸಂಜೆ ಡ್ರಾಯರ್ ಖಾಲಿ ಮಾಡುತ್ತಿದ್ದೆ. ಅವನು ಕಂಬದ ಹಾಗೆ ನಿಂತಿದ್ದ, ಕಣ್ಣು ತುಂಬಿತ್ತು.

"ಎದುರು ಸೀಟಿಗಾದರೆ ಕೆಲಸ ಇರಬೇಕು," ಅಂದೆ. "ಪಕ್ಕದ ಸೀಟಿಗೆ ಬೇಕಾಗಿಲ್ಲ. ನನಗೂ ನೀನಂದ್ರೆ ಇಷ್ಟ ಕಣೋ. ಆರು ಗಂಟೆ ಬಸ್ಸಲ್ಲಿ ಜಾಗ ಹಿಡಿದಿರ್ತೀನಿ, ಬಾ."

ಅವನು ಕಣ್ಣೊರೆಸಿಕೊಂಡ. "ಕಿಟಕಿ ಕಡೇದು ನಂಗೆ," ಅಂದ.

ಅದರಲ್ಲೂ ಏನೋ ಮಸಲತ್ತಿದೆ ಅಂತ ನನಗೆ ಅನುಮಾನ. ಆದರೂ ಬಿಟ್ಟುಕೊಟ್ಟೆ.