ದೋಣಿಮನೆಯ ಎರಡು ಡಬ್ಬಿ

೨೦೧೯ ಸೆಪ್ಟೆಂಬರ್ ೩೦, ಸೋಮವಾರ, ಬೆಳಿಗ್ಗೆ ಏಳು ನಲವತ್ತು. ಫಿನ್‌ಲೆಂಡಿನ ತಾಂಪೆರೆಯ ಪಿಸ್ಪಾಲಾ ದಿಣ್ಣೆಯ ಮೇಲೆ ತಾನೇ ಕಟ್ಟಿಕೊಟ್ಟ ಹೊಸ ಮನೆಯ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಟೋರ್ಸ್ಟಿಗೆ ನಗರಸಭೆಯ ಕಟ್ಟಡ ಇನ್‌ಸ್ಪೆಕ್ಟರ್ ಐರಾಳ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. ಹಿಂದಿನ ವರ್ಷ ಆಕೆ ಅವನು ಕಟ್ಟಿದ ಒಂದು ಮನೆಯ ನೆಲವನ್ನೇ ಅಗೆಸಿದ್ದಳು. ಆ ದಿಣ್ಣೆಯ ಜಲ್ಲಿಯ ಸಂದಿಯಿಂದ ಏಳುವ ವಿಕಿರಣಶೀಲ ರೇಡಾನ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶಕ್ಕಷ್ಟೇ ಅದರ ಗುರುತು. ಅದನ್ನು ಹೊರಗೆಳೆಯಲು ನೆಲದಡಿ ಕೊಳವೆ, ಗೋಡೆಯಂಚಿಗೆ ತಡೆಪಟ್ಟಿ ಇರಬೇಕು. ಈ ಮನೆಯಲ್ಲಿ ಎರಡೂ ಇದ್ದದ್ದು ಕಾಗದದ ಮೇಲೆ ಮಾತ್ರ. ಕಾಂಕ್ರೀಟ್ ಲಾರಿ ಒಂದು ದಿನ ಮೊದಲೇ ಬಂದಿತ್ತು, ಟೋರ್ಸ್ಟಿ ಕೊಳವೆ ಹಾಕುವ ಮುನ್ನವೇ ಸುರಿಸಿ, ಹಾಕಿದ್ದೇನೆಂದು ಸಹಿ ಮಾಡಿಬಿಟ್ಟಿದ್ದ. ಮಾಪನ ವಿಕಿರಣದ ಮಿತಿಯಾದ ಇನ್ನೂರು ಬೆಕ್ವೆರೆಲ್ ದಾಟಿದರೆ ನೆಲ ಅಗೆಯುತ್ತಾರೆ, ಸುಳ್ಳು ಸಹಿ ಬಯಲಾಗುತ್ತದೆ, ಮೂವತ್ತು ವರ್ಷದ ಪರವಾನಗಿ ಹೋಗುತ್ತದೆ.

ರೇಡಾನ್ ಅಳೆಯಲು ಪ್ರಯೋಗಾಲಯ ಕಳಿಸಿದ್ದ ಎರಡು ಕಪ್ಪು ಡಬ್ಬಿಗಳು ಅವನ ಜೇಬಿನಲ್ಲೇ ಉಳಿದವು. ಪುಸ್ತಕದ ಕಪಾಟಿನ ಮೇಲೆ ಅವನಿಟ್ಟದ್ದು ಹಳೆಯ, ಮುಗಿದುಹೋದ ಜೋಡಿಯನ್ನು.

“ಇಷ್ಟೇನಾ? ನಾನು ಯಾವ್ದೋ ಮಿಷನ್ ತರ್ತೀರಿ ಅಂದ್ಕೊಂಡಿದ್ದೆ,” ಎಂದಳು ಮನೆಯ ಒಡತಿ ಸಾಗಾ, ಕಾಫಿ ಬಗ್ಗಿಸುತ್ತ. ಏಳು ತಿಂಗಳ ಬಸುರಿ.

“ಎರಡು ತಿಂಗಳು ಮುಟ್ಟಬೇಡಮ್ಮ. ಧೂಳು ಒರೆಸೋಕೂ ಹೋಗ್ಬೇಡ.”

“ಧೂಳಾ? ನನ್ ಗಂಡನ್ ಕೇಳಿ, ಆ ಭಯ ನಿಮಗೆ ಬೇಡ!”

ಅಸಲಿ ಡಬ್ಬಿಗಳನ್ನು ಎಲ್ಲಿಡುವುದು? ಅವನ ಸ್ವಂತ ಮನೆಯೂ ಅದೇ ದಿಣ್ಣೆಯ ಮೇಲಿತ್ತು, ಆಗದು. ಗೆಳೆಯರಿಗೆ ನಾಲಿಗೆಯಿದೆ. ಕೊನೆಗೆ ನ್ಯಾಸಿಯಾರ್ವಿ ಸರೋವರದ ತನ್ನ ದೋಣಿಮನೆಯನ್ನು ಆರಿಸಿಕೊಂಡ. ನೀರಿನ ಮೇಲೆ ಕಂಬಗಳಲ್ಲಿ ನಿಂತ ಗೂಡು ಅದು. ಅಡಿಯಲ್ಲಿ ಮಣ್ಣಿಲ್ಲ, ಹಲಗೆಗಳ ನಡುವೆ ಸದಾ ಗಾಳಿ.

ಆ ಎರಡು ತಿಂಗಳು ಅವನು ಎಲ್ಲರನ್ನೂ ಶಂಕಿಸಿದ. ಸಾಗಾ ಡಬ್ಬಿಯ ಬೆನ್ನಿನ ಸಂಖ್ಯೆಯ ಫೋಟೊ ತೆಗೆದಿರಬಹುದೆ? ಪಕ್ಕದ ಮನೆಯ ಮುದುಕ ಇವತ್ತೇಕೆ ಎರಡು ಸಲ ತಲೆಯಾಡಿಸಿದ? ಐರಾ ಎದುರಾದಾಗ “ಏನ್ರೀ, ಆರಾಮಾ?” ಎಂದದ್ದರಲ್ಲಿ ಏನಿತ್ತು? ಅರವತ್ತೊಂದನೆಯ ದಿನ, ಪ್ರಯೋಗಾಲಯಕ್ಕೆ ತಾನೇ ಅಂಚೆಗೆ ಹಾಕುವೆನೆಂದು ಸಾಗಾಳಿಗೆ ಹೇಳಿ ಹಳೆಯ ಜೋಡಿಯನ್ನು ಎತ್ತಿಕೊಂಡ. ಅಸಲಿ ಡಬ್ಬಿಗಳ ಮೇಲಿನ ತೇವವನ್ನೂ ಬೆರಳ ಗುರುತನ್ನೂ ಒರೆಸಿ ಲಕೋಟೆಗೆ ಹಾಕಿದ. ಎಲ್ಲೂ ಸುಳಿವು ಬಿಟ್ಟಿರಲಿಲ್ಲ.

ಜನವರಿಯಲ್ಲಿ ಐರಾ ವರದಿ ಹಿಡಿದು ಸಾಗಾಳ ಗೇಟಿನ ಬಳಿಗೇ ಅವನನ್ನು ಕರೆಸಿದಳು.

“ಇಂಥಾ ಅಂಕಿ ನನ್ನ ಸರ್ವಿಸಲ್ಲೇ ನೋಡಿಲ್ಲ, ಟೋರ್ಸ್ಟಿ.”

“ಕೆಲಸ ಹಂಗೆ ಮಾಡಿದೀನಿ, ಮೇಡಂ. ಈ ಸಲ ನಿಮ್ಮ ಗುದ್ದಲಿಗೆ ರಜೆ.”

ಆಕೆ ನಗಲಿಲ್ಲ. ಬೀದಿದೀಪದ ಕಂಬವನ್ನು ತೋರಿಸಿದಳು. “ಹೋದ ಚಳಿಗಾಲ ಅಲ್ಲಿ ನಾನು ಇಂಥದೇ ಒಂದು ಡಬ್ಬಿ ಕಟ್ಟಿದ್ದೆ. ಚಳೀಲಿ ದಿಣ್ಣೆ ಒಳಗಿನ ಗಾಳಿ ಮೇಲೆದ್ದು ಬೀದಿಗೇ ಬರುತ್ತೆ ಕಣ್ರೀ. ಬಯಲಲ್ಲೇ ನಲವತ್ತೆಂಟು ಬೆಕ್ವೆರೆಲ್ ಇತ್ತು. ಕಿಟಕಿ ತೆಗೆದ್ರೆ ಈ ಮನೆಯೊಳಗೆ ಬರೋದೂ ಅದೇ ಗಾಳಿ ತಾನೇ?” ಟೋರ್ಸ್ಟಿ ವರದಿಯ ಮೇಲೆ ಕಣ್ಣಾಡಿಸಿದ. ಸಾಗಾಳ ಮನೆ, ಎರಡು ತಿಂಗಳ ಸರಾಸರಿ, ಘನಮೀಟರ್ ಗಾಳಿಗೆ: ಆರು ಬೆಕ್ವೆರೆಲ್.