ಚಂದ್ರನ ಗಾಡಿ, ಕಳಸದ ಕಾರು

ಸೋಮವಾರ ಕಾರನ್ನು ಅರುಣನ ರಿಪೇರಿ ಶೆಡ್ಡಿಗೆ ಬಿಟ್ಟಾಗ ನಿಖಿತಾ ಮೊದಲು ಮಾಡಿದ ಕೆಲಸವೆಂದರೆ, ಬ್ಯಾಟರಿಯ ಒಂದೊಂದು ಭಾಗದ ನಂಬರನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡದ್ದು.

ಅರುಣ ಟಾರ್ಚ್ ತಂದು ಬೆಳಕು ಹಿಡಿದ.

"ಇದೊಂದು ಸರಿ ಬಂದಿಲ್ಲ. ಇನ್ನೊಂದ್ಸಲ ತೆಗೀರಿ," ಎಂದ.

ಅವನ ತುಟಿಯಂಚಿನಲ್ಲಿ ನಗು ಇತ್ತೋ ಇಲ್ಲವೋ ತಿಳಿಯಲಿಲ್ಲ. ಅವಳ ಕಿವಿ ಮಾತ್ರ ಬಿಸಿಯಾಯಿತು.

ಅವಳು ಕಳಸದ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಸಂಸೆಯ ಕಡೆಗೆ ಏರು ಹತ್ತುವಾಗ ಅವಳ ಎಲೆಕ್ಟ್ರಿಕ್ ಕಾರಿನ ಚಾರ್ಜ್ ಶೇಕಡಾ ನಲವತ್ತರಿಂದ ಒಮ್ಮೆಲೇ ಹತ್ತಕ್ಕಿಳಿದು, ಕಾರು ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಅದಕ್ಕೆ ಕೈ ಹಾಕುವ ಧೈರ್ಯವಿದ್ದವನು ಊರಿನಲ್ಲಿ ಅರುಣನೊಬ್ಬನೇ. ಅವನ ತಾಯಿ ತಂಗಮ್ಮ ಇಪ್ಪತ್ತು ವರ್ಷಗಳಿಂದ ನಿಖಿತಾಳ ತಂದೆ ದೇವರಾಜರ ಸಂಸೆಯ ಎಸ್ಟೇಟಿನಲ್ಲಿ ಕೆಲಸಕ್ಕಿದ್ದರು.

ಕೂಲಿಯವರ ಲೈನ್ ಮನೆಯ ಹುಡುಗ, ಒಳ್ಳೆಯ ಸೆಲ್ ತೆಗೆದು ಹಾಳಾದದ್ದನ್ನು ಕೂರಿಸಿದರೆ ನಿನಗೆ ಗೊತ್ತಾಗುತ್ತದೆಯೇ ಎಂದು ದೇವರಾಜರು ಕೇಳಿದ್ದರು. ಹಾಗೆಲ್ಲ ಮಾತಾಡಬೇಡಿ ಅಪ್ಪ ಎಂದು ಅವಳು ಸಿಟ್ಟು ಮಾಡಿದ್ದಳು. ಆದರೂ ಶೆಡ್ಡಿಗೆ ಬಂದಾಗ ಕೈ ತಾನಾಗಿ ಫೋನಿಗೆ ಹೋಗಿತ್ತು.

ಟೆಸ್ಟ್ ನಡೀತಿದೆ ಎಂದ ಅರುಣ, ಮಂಗಳವಾರ. ಬುಧವಾರವೂ ಅದನ್ನೇ ಹೇಳಿದ. ಅವಳು ದಿನಾ ಕಾಲೇಜು ಮುಗಿಸಿ ಬಂದು, ಸಂಸೆ ಬಸ್ ಬರುವವರೆಗೆ ಶೆಡ್ಡಿನ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಶನಿವಾರ ಕಾಲೇಜಿನಲ್ಲಿ ಅವಳ ಉಪನ್ಯಾಸವಿತ್ತು: ಬಾಹ್ಯಾಕಾಶದ ಮೊದಲ ವಾಹನಗಳ ಬ್ಯಾಟರಿಗೂ ಇಂದಿನ ಕಾರಿನ ಬ್ಯಾಟರಿಗೂ ಏನು ವ್ಯತ್ಯಾಸ ಎಂದು. ಕಾವಲು ಕೂತಂತೆ ಕಾಣಬಾರದೆಂದು ಅದನ್ನೇ ಅವನಿಗೆ ಓದಿ ಹೇಳಿದಳು.

ಮೊದಲ ಉಪಗ್ರಹದ ತೂಕ ಎಂಬತ್ತು ಚಿಲ್ಲರೆ ಕೆ.ಜಿ.; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳ್ಳಿ ಮತ್ತು ಸತುವಿನ ಬ್ಯಾಟರಿ. ಮೂರು ವಾರಕ್ಕೆ ಅದರ ದನಿ ನಿಂತುಹೋಯಿತು. ಮುಂದೆ ಚಂದ್ರನ ಮೇಲೆ ಓಡಿದ ಗಾಡಿಗೂ ಅದೇ ಜಾತಿಯ ಬ್ಯಾಟರಿ ಎರಡು.

"ಖಾಲಿಯಾದ್ಮೇಲೆ?" ಎಂದ ಅರುಣ.

"ಖಾಲಿಯಾದ್ರೆ ಆಯ್ತು. ಗಾಡಿ ಅಲ್ಲೇ ಬಿಟ್ಟು ಬಂದ್ರು."

ಅವನು ಸ್ಪ್ಯಾನರ್ ಕೆಳಗಿಟ್ಟ. ತೂಕಕ್ಕೆ ತೂಕ ನೋಡಿದರೆ ಆ ಬೆಳ್ಳಿ ಬ್ಯಾಟರಿ ಅಷ್ಟೇನೂ ಕಡಿಮೆಯದಲ್ಲ ಎಂದ. ನಿಮ್ಮ ಕಾರಿನ ಲಿಥಿಯಂ ಬ್ಯಾಟರಿ ಗೆದ್ದದ್ದು ಬೇರೆ ಕಡೆ. ಸಾವಿರ ಸಲ ಖಾಲಿಯಾದರೂ ಸಾವಿರ ಸಲ ತುಂಬಿಕೊಳ್ಳುತ್ತದೆ. ಹೇಳುವಾಗ ಅವನ ಕಣ್ಣು ಬ್ಯಾಟರಿಯ ಮೇಲಿರಲಿಲ್ಲ. ನಿಖಿತಾ ಥಟ್ಟನೆ ಉಪನ್ಯಾಸದ ಹಾಳೆ ತಿರುವಿದಳು. ಇಷ್ಟು ತಿಳಿದವನು ಮೋಸ ಮಾಡಲು ಹೊರಟರೆ ಸಿಕ್ಕಿಬೀಳುವುದೂ ಇಲ್ಲ ಎಂಬ ಯೋಚನೆ, ಆ ನೋಟ ಇನ್ನೂ ಒಂದು ಕ್ಷಣ ಇರಲಿ ಎಂಬ ಆಸೆ, ಎರಡೂ ಒಟ್ಟಿಗೇ ಬಂದವು.

ಗುರುವಾರವೂ ಟೆಸ್ಟ್ ಮುಗಿದಿರಲಿಲ್ಲ. ಅಂದು ಬಸ್ಸಿನಲ್ಲಿ ಕೂತು ಅವಳು ಲೆಕ್ಕ ಹಾಕಿದಳು. ಟೆಸ್ಟ್ ಎಂದರೆ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿ ನೋಡುವುದು. ಕಾರಿನ ಬ್ಯಾಟರಿ ಮೂವತ್ತು ಯುನಿಟ್. ಅವನ ಯಂತ್ರ ಗಂಟೆಗೆ ಮೂರು ಯುನಿಟ್ ಎಳೆಯುತ್ತದೆ. ಖಾಲಿಯಾಗಲು ಹತ್ತು ಗಂಟೆ, ತುಂಬಲು ಇನ್ನೊಂದು ಹತ್ತು. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ ಯಾಕೆ?

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಹೇಳದೆ ಕೇಳದೆ ಶೆಡ್ಡಿಗೆ ಹೋದಳು. ಬ್ಯಾಟರಿ ತೋರಿಸಿ ಎಂದಳು. ಫೋನ್ ಹಿಡಿದು ಒಂದೊಂದೇ ನಂಬರ್ ತಾಳೆ ನೋಡಿದಳು. ಎಲ್ಲವೂ ಅವೇ.

ಪಕ್ಕದಲ್ಲಿ ಟೆಸ್ಟಿನ ಹಾಳೆಯಿತ್ತು. ಮುಗಿದ ದಿನ ಮಂಗಳವಾರ. ದೋಷ, ತುಕ್ಕು ಹಿಡಿದ ಒಂದು ಕನೆಕ್ಷನ್. ಸರಿಮಾಡಿದ್ದೂ ಮಂಗಳವಾರವೇ.

"ಸುಳ್ಳು ಹೇಳಿದ್ರಿ," ಎಂದಳು.

"ಹೇಳ್ದೆ. ಕಾರು ಕೊಟ್ರೆ ನೀವು ಬರೋದು ನಿಲ್ಲುತ್ತೆ ಅಂತ." ಅವನು ತಲೆಯೆತ್ತಲಿಲ್ಲ. "ತಪ್ಪು ನಂದೇ. ಆದ್ರೆ ನೀವು ಬರ್ತಿದ್ದಿದ್ದು ನನ್ನ ಮೇಲೆ ಕಣ್ಣಿಡೋಕೆ ಅಂತ ನಂಗೂ ಗೊತ್ತಿತ್ತು. ನಮ್ಮಮ್ಮನ ಚೀಲ ದಿನಾ ನಿಮ್ಮ ಎಸ್ಟೇಟ್ ಗೇಟಲ್ಲಿ ಬಿಚ್ಚಿ ನೋಡ್ತಾರಲ್ಲ, ನಮಗೆ ಇದು ಅಭ್ಯಾಸ."

ಚಿಕ್ಕಂದಿನಿಂದ ನಿಖಿತಾ ಆ ಗೇಟಿನಲ್ಲಿ ಓಡಾಡಿದ್ದಳು. ಸಂಜೆ ಹೆಂಗಸರು ಸಾಲಾಗಿ ಚೀಲ ಬಿಚ್ಚುವುದು ಹೊತ್ತು ಮುಳುಗಿದಷ್ಟೇ ಸಹಜವಾಗಿ ಕಂಡಿತ್ತು. ಅವಳು ಕೈಯಲ್ಲಿದ್ದ ಫೋನನ್ನು ಪಕ್ಕಕ್ಕಿಟ್ಟಳು.

"ಇನ್ನು ಮೇಲೆ ನಾನು ಬರಬೇಕು ಅನ್ಸಿದ್ರೆ, ಬಾ ಅಂತ ಹೇಳಿ ಸಾಕು," ಎಂದಳು. "ಕಾರು ಹಿಡ್ಕೊಂಡು ಕೂರಬೇಡಿ."

ಅರುಣ ಈಗ ನೋಡಿದ. ಇದೂ ಇನ್ನೊಂದು ಪರೀಕ್ಷೆಯೋ ಎಂಬಂತೆ ನೋಡಿದ.

ನಾಳೆಯ ಉಪನ್ಯಾಸದಲ್ಲಿ ಬಾಹ್ಯಾಕಾಶದ ಅರ್ಧ ನಾನು ಹೇಳುವೆ, ಕಾರಿನ ಅರ್ಧ ನೀವೇ ಹೇಳಬೇಕು ಎಂದು ಅವಳು ಕೇಳಿಕೊಂಡಳು. ಅವನು ಮೊದಲು ನಂಬಲಿಲ್ಲ. ಬ್ಯಾಟರಿಯನ್ನು ಮತ್ತೆ ಕಾರಿಗೆ ಕೂರಿಸಿ, ಏರಿನಲ್ಲಿ ಹೇಗೆ ಹೋಗುತ್ತದೋ ನೋಡೋಣ ಎಂದು ಪಕ್ಕದ ಸೀಟಿನಲ್ಲಿ ಕೂತ. ಚಾರ್ಜ್ ಎಲ್ಲಿಯೂ ಕುಸಿಯಲಿಲ್ಲ. ಸಂಸೆ ಬಂದಾಗ, ನಾಳೆ ಎಷ್ಟು ಹೊತ್ತಿಗೆ ಬರಬೇಕು ಎಂದು ಮೆಲ್ಲಗೆ ಕೇಳಿದ.

ಎಸ್ಟೇಟಿನ ಗೇಟಿನಲ್ಲಿ ಕೊಯ್ಲು ಮುಗಿಸಿದ ಹೆಂಗಸರು ನಿಂತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುಬ್ಬಣ್ಣ ತಂಗಮ್ಮನ ಚೀಲಕ್ಕೆ ಕೈ ಹಾಕುತ್ತಿದ್ದ. ದೇವರಾಜರು ಪಕ್ಕದಲ್ಲಿದ್ದರು.

ನಿಖಿತಾ ಇಳಿದು ಹೋಗಿ ಚೀಲದ ಬಾಯಿ ಮುಚ್ಚಿದಳು. ಸುಬ್ಬಣ್ಣ ಯಜಮಾನರ ಮುಖ ನೋಡಿದ.

"ಬೇಡ ಅಪ್ಪ. ಇವತ್ತಿಂದ ಯಾರ ಚೀಲವನ್ನೂ ನೋಡೋದು ಬೇಡ," ಎಂದಳು. "ನಾಳೆ ಅರುಣ್ ಜೊತೆ ಕಾಲೇಜಿಗೆ ಹೋಗ್ತಿದ್ದೀನಿ. ನಾಳೆ ಒಂದಿನ ಮಾತ್ರ ಅಲ್ಲ, ಇನ್ಮೇಲೂ ಅವರ ಜೊತೆಗೇ."

ದೇವರಾಜರು ಕಾರಿನೊಳಗೆ ಕೂತವನನ್ನು ನೋಡಿದರು, ಮಗಳನ್ನು ನೋಡಿದರು. ಮನೆಯ ಕಡೆ ತಿರುಗಿ ನಡೆದರು. ಸುಬ್ಬಣ್ಣನ ಕೈ ಕೆಳಗಿಳಿಯಿತು.

ತಂಗಮ್ಮನ ಮುಖದಲ್ಲಿ ಸಂತೋಷವಿರಲಿಲ್ಲ. ಅವರು ನಿಖಿತಾಳನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಎಷ್ಟು ದಿನಕ್ಕೆ ನಿಖಿತಮ್ಮ, ಇದು?"

"ನೀವೇ ನೋಡ್ತಾ ಇರಿ ತಂಗಮ್ಮ. ನಂಬಿಕೆ ಬಂದಾಗ ಹೇಳಿ."

"ನೋಡ್ತೀನಿ," ಎಂದರು ತಂಗಮ್ಮ. ಆಮೇಲೆ ಕಾರಿನ ಹತ್ತಿರ ಬಂದು, ಹಿಂದಿನ ಬಾಗಿಲನ್ನು ತಾವೇ ತೆರೆದು ಒಳಗೆ ಕೂತರು.