ಮೈಸೂರಿನಲ್ಲಿ ಗೆದ್ದ ಆಟ

"ಆ ಕುದುರೆ ಎತ್ತಿದ್ರೆ ಮಂತ್ರಿ ಹೋಯ್ತದೆ!"

ಪರದೆಯ ಹಿಂದಿನಿಂದ ಬಂದ ಹೆಣ್ಣುದನಿಗೆ ಮಕ್ಬೂಲನ ಕೈ ಚದುರಂಗದ ಹಲಗೆಯ ಮೇಲೆಯೇ ನಿಂತುಬಿಟ್ಟಿತು.

ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆದು, ಅರಗಿನ ಬಣ್ಣ ಹಾಕಿ ಚದುರಂಗದ ಕಾಯಿ ಮಾಡುತ್ತಿದ್ದ ಗಫಾರ್ ಸಾಬರ ಜಗಲಿ ಅದು. ಮಕ್ಬೂಲ್ ಕಾಯಿ ಕೊಳ್ಳಲು ಬಂದವನು, ಸಾಬರೊಂದಿಗೆ ಒಂದಾಟಕ್ಕೆ ಕೂತಿದ್ದ. ಮೈಸೂರಿನ ಜಹಗೀರುದಾರರೊಬ್ಬರು ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಆಟಗಾರ ಅವನು. ಅಂಥವನಿಗೇ ತಪ್ಪು ತೋರಿಸುವುದೆ!

"ಯಾರದು?"

"ನನ್ ಮಗಳು ಹಫೀಜಾ... ತಪ್ಪು ತಿಳ್ಕಬೇಡಿ. ನಾನೇ ಆಟ ಕಲಿಸಿ ಕೆಡಿಸಿಬುಟ್ಟೆ," ಎಂದರು ಗಫಾರ್ ಸಾಬರು.

ಮಕ್ಬೂಲ್ ಮತ್ತೆ ಹಲಗೆ ನೋಡಿದ. ಹುಡುಗಿ ಹೇಳಿದ್ದು ನಿಜ! ಅವನು ನಕ್ಕುಬಿಟ್ಟ, ಜಗಲಿ ತುಂಬುವಂತೆ. ಆ ನಗುವಿಗೇ ಹಫೀಜಾ ಸೋತಳು.

ಆರು ತಿಂಗಳಲ್ಲಿ ನಿಕಾಹ್ ಆಯಿತು. ಹಫೀಜಾ ಚನ್ನಪಟ್ಟಣದ ತವರಿನಲ್ಲೇ ಉಳಿದಳು. ಮೊದಲ ವರ್ಷ ಅವನು ಮೈಸೂರಿನಿಂದ ವಾರವಾರವೂ ರೈಲು ಹತ್ತಿ ಬರುತ್ತಿದ್ದ. ಇಬ್ಬರೂ ಎದುರುಬದುರು ಕೂತು ಆಡಿ, ಜಗಳವಾಡಿ, ನಗುತ್ತಿದ್ದರು.

ಆಮೇಲೆ ಜಹಗೀರುದಾರರಿಗೆ ಗೆಲುವಿನ ಹುಚ್ಚು ಹಿಡಿಯಿತು. ಹೈದರಾಬಾದಿನಿಂದ, ಮದರಾಸಿನಿಂದ ಆಟಗಾರರನ್ನು ಕರೆಸತೊಡಗಿದರು. ಮಕ್ಬೂಲ್ ಬರುವುದು ತಿಂಗಳಿಗೊಮ್ಮೆಯಾಯಿತು... ಆಮೇಲೆ ಅದೂ ಇಲ್ಲ. ಅಪರೂಪಕ್ಕೆ ಬಂದರೂ ಉಣ್ಣುವ ತಟ್ಟೆಯಲ್ಲೇ ಬೆರಳು ಚದುರಂಗದ ಮನೆಗಳನ್ನು ಗೀಚುತ್ತಿತ್ತು.

"ನನ್ ಜೊತೆ ಒಸಿ ಆಡಿ," ಅಂದಳೊಮ್ಮೆ.

"ಅಲ್ಲೂ ಅದೇ, ಇಲ್ಲೂ ಅದೇನಾ? ತಲೆ ಸಿಡೀತೈತೆ!"

"ಮೊದ್ಲು ನಗ್ತಾ ಆಡ್ತಿದ್ರಿ..."

"ಸೋಲಂಗಿಲ್ಲ ಅಂತ ಹೇಳಿ ಕೂರಿಸಿದ್ರೆ ನಗು ಎಲ್ಲಿಂದ ಬತ್ತದೆ?"

ಆಗ ಅವಳು ಬಸುರಿ. ಎಂಟನೇ ತಿಂಗಳಿಗೇ ನೋವು ಕಾಣಿಸಿಕೊಂಡಿತು. ಗಫಾರ್ ಸಾಬರು ಓಡಿಹೋಗಿ ಮೈಸೂರಿಗೆ ತಂತಿ ಕೊಟ್ಟರು: ಕೂಡಲೇ ಹೊರಟು ಬಾ.

ಹೆಣ್ಣುಮಗು ಹುಟ್ಟಿತು. ಎರಡೇ ದಿನ ಉಸಿರಾಡಿತು.

ಮಕ್ಬೂಲ್ ಬಂದದ್ದು ಮೂರನೆಯ ದಿನ ಸಂಜೆ. ಅಷ್ಟರಲ್ಲಿ ಮಗುವಿನ ಮಣ್ಣಾಗಿತ್ತು.

"ತಂತಿ ತಡವಾಗಿ ಸಿಕ್ಕಿರಬೇಕು ಪಾಪ," ಅಂದರು ಹಫೀಜಾಳ ತಾಯಿ. ಅವನು ತಲೆ ತಗ್ಗಿಸಿ ಸುಮ್ಮನಿದ್ದ. ನಾಲ್ಕು ದಿನವಿದ್ದು ಹೊರಟವನು ಮತ್ತೆ ಬರಲಿಲ್ಲ.

ಒಂದು ತಿಂಗಳು... ಎರಡು... ಐದು ತಿಂಗಳು!

'ಮಗೂನ ಉಳಿಸಿಕೊಳ್ಳದವಳು ಅಂತ ನನ್ನ ಮೇಲೆ ಅಸಹ್ಯವೇನೋ,' ಎಂದು ಹಫೀಜಾ ದಿನವೂ ಬೇಯುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಹಿತ್ತಲಲ್ಲಿ ಅಪ್ಪ ಕಡೆದ ಗೊಂಬೆಗಳನ್ನು ಒರೆಸುತ್ತಿದ್ದಾಗ ಮಕ್ಬೂಲ್ ಎದುರಿಗೆ ಬಂದು ನಿಂತ. ಬಡಕಲಾಗಿದ್ದ. ಗಡ್ಡ ಬೆಳೆದಿತ್ತು.

"ನನ್ ಮೇಲೆ ಅಷ್ಟು ಕೋಪಾನಾ?" ಹಫೀಜಾ ಎದ್ದು ನಿಂತಳು. "ಮಗು ಹೋದದ್ದು ನನ್ ತಪ್ಪಾ?"

ಅವನು ಬೆಚ್ಚಿಬಿದ್ದ. "ನಿನ್ ತಪ್ಪಾ? ಅಯ್ಯೋ ಹಫೀಜಾ... ತಂತಿ ಅವತ್ತೇ ತಲುಪ್ತು."

"ಏನು?"

"ಓದಿ ಜೇಬಲ್ಲಿಟ್ಕಂಡೆ. ಮದರಾಸಿನೋನ ಜೊತೆ ಆಟ ಅರ್ಧದಲ್ಲಿತ್ತು. ಮುಗಿಸ್ಕಂಡು ಹೋಗೋಣ ಅಂದ್ಕಂಡೆ. ಎರಡು ದಿನ ಹಿಡೀತು. ಗೆದ್ದೆ... ಶಾಲು ಹೊದಿಸಿದ್ರು."

ಹಫೀಜಾಳ ಕೈಯಿಂದ ಗೊಂಬೆ ಜಾರಿತು. ಮರುಕ್ಷಣ ಎರಡೂ ಕೈಯಿಂದ ಅವನ ಎದೆಗೆ ಗುದ್ದತೊಡಗಿದಳು.

"ಎರಡು ದಿನ ಬದುಕಿದ್ಲು! ಎರಡು ದಿನ! ನೀವು ಬಂದಿದ್ರೆ ಮುಖನಾದ್ರೂ ನೋಡ್ತಿದ್ರಿ! ತಂತಿ ತಡವಾಗಿರ್ಬೇಕು ಅಂತ ಅಮ್ಮೀ ಅಂದಾಗ ಯಾಕೆ ಸುಮ್ಕಿದ್ರಿ?"

"ಹೇಳೋ ಧೈರ್ಯ ಬರ್ಲಿಲ್ಲ. ನಿನ್ ಮುಖ ನೋಡಕ್ಕೂ ಆಗ್ಲಿಲ್ಲ." ಅವನು ಅಲುಗದೆ ನಿಂತೇ ಇದ್ದ.

ಅವಳ ಕೈ ಸೋತಿತು.

"ಅವತ್ತಿಂದ ಗೆದ್ರೂ ಎದೆ ಖಾಲಿ," ಅಂದ. "ತಿಂಗಳಿಗೆ ಹತ್ತೇ ದಿನ ಆಡ್ತೀನಿ, ಮನೆಯಿಂದ ಕರೆ ಬಂದ್ರೆ ಅರ್ಧಕ್ಕೇ ಎದ್ದು ಹೋಯ್ತೀನಿ ಅಂತ ಜಹಗೀರುದಾರ್ರಿಗೆ ಹೇಳ್ದೆ. ಆಗಲ್ಲ ಅಂದ್ರು. ಕೆಲಸ ಬುಟ್ಟು ಬಂದೆ. ಬೆಂಗಳೂರಲ್ಲಿ ಒಬ್ಬರು ಹತ್ತು ದಿನಕ್ಕೆ ಒಪ್ಪವ್ರೆ. ಮಿಕ್ಕ ದಿನ ಮಾವನ ಜೊತೆ ಮರ ಕಡೀತೀನಿ. ಆಟ ಪೂರ್ತಿ ಬುಡ್ತೀನಿ ಅಂತ ಸುಳ್ಳು ಹೇಳಕಿಲ್ಲ, ಹಫೀಜಾ."

"ಆಡಬೇಡಿ ಅಂತ ನಾನು ಯಾವತ್ತಂದೆ? ಮನೆಗೆ ಬನ್ನಿ ಅಂದೆ... ಅಷ್ಟೇ!"

"ನನ್ನ ಕ್ಷಮಿಸ್ತೀಯಾ?"

"ಇಲ್ಲ." ಅವಳು ಕಣ್ಣೊರೆಸಿಕೊಂಡಳು. "ಇವತ್ತಂತೂ ಆಗಲ್ಲ."

ಅವನು ತಲೆಯಾಡಿಸಿ ಬಾಗಿಲಿನತ್ತ ತಿರುಗಿದ. ಹಫೀಜಾ ಅವನ ಅಂಗಿಯ ತೋಳು ಹಿಡಿದಳು.

"ಕ್ಷಮಿಸಕ್ಕಾಗಲ್ಲ ಅಂದೆ. ಹೋಗಿ ಅಂದ್ನಾ? ನಿಮ್ಮನ್ನ ಬುಟ್ಟು ಬದುಕಕ್ಕೂ ಆಗ್ತಿಲ್ಲ ನನಗೆ..."

ಅವನು ಅಲ್ಲೇ ನೆಲಕ್ಕೆ ಕುಸಿದು ಅತ್ತ. ಅವಳೂ ಪಕ್ಕದಲ್ಲಿ ಕೂತಳು. ಅವನು ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ.

"ಮಗೀಗೆ ಏನಂತ ಹೆಸರಿಟ್ಟೆ?"

"ಇಡಲಿಲ್ಲ. ನೀವೇ ಬಂದು ಕರೀಲಿ ಅಂತ ಕಾದೆ."

ಅವನು ಅವಳ ಕೈ ಹಿಡಿದುಕೊಂಡ.

"ಮುನ್ನೀ," ಅಂದ.

ಹಫೀಜಾ ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಇನ್ನೊಂದ್ಸಲ ಕರೀರಿ."